ಆಸ್ಮುಂಡನ ಬೆಣ್ಣೆ ಪಥ್ಯ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಾರ್ವೆಯ ಈ ಫ್ಯೋರ್ಡಿನ, ಬೆಟ್ಟಗಳ ನಡುವೆ ಒಳನುಗ್ಗಿದ ಈ ಕಡಲಿನ, ಎರಡೂ ದಡದವರು ಹೇಳುತ್ತಾರೆ. ಹೇಳಿಕೊಳ್ಳಲಿ. ದಿನವಿಡೀ ಅಲ್ಲಾಡುವ ಫೆರಿಯ ಮೇಲೆ, ಬಿಸಿ ಕಾವಲಿಯ ಮುಂದೆ ನಿಂತು ಸ್ವೇಲೆ ಹೊಯ್ಯುತ್ತಾ, ಬಂದವರೆಲ್ಲ "ಇವತ್ತು ಗಾಳಿ ಜೋರು ಅಲ್ವಾ" ಅಂದಾಗ ಪ್ರತಿ ಸಲವೂ "ಹೌದು, ಜೋರು" ಎಂದು ನಗಬೇಕಾದ ಕೆಲಸ ಅವರಿಗೆ ಬಂದಿದ್ದರೆ ತಿಳಿಯುತ್ತಿತ್ತು. ಆದರೆ ಆಸ್ಮುಂಡನ ಮೇಲೆ ನನಗೆ ಬಂದ ಕೋಪ ಬೇರೆ ಜಾತಿಯದು. ಅವನು ನನ್ನ ಸ್ವೇಲೆ ಬೇಡ ಎಂದ.

ಆಸ್ಮುಂಡ ನಮ್ಮ ಫೆರಿಯ ಡೆಕ್ಕಿನವನು. ಕಾರುಗಳನ್ನು ಸಾಲಾಗಿ ನಿಲ್ಲಿಸುವುದು, ಕಿಟಕಿ ಕಿಟಕಿಗೂ ಹೋಗಿ ಟಿಕೆಟ್ ಕೊಡುವುದು, ದಡ ಬಂದಾಗ ಸರಪಳಿ ಬಿಚ್ಚುವುದು ಎಲ್ಲ ಅವನದೇ. ನಾನು ಮೇಲಿನ ಕ್ಯಾಂಟೀನಿನವಳು. ಹುಳಿ ಮಜ್ಜಿಗೆ, ಹಿಟ್ಟು, ಮೊಟ್ಟೆ, ಸಕ್ಕರೆ ಕಲಸಿ ಕಾವಲಿಯ ಮೇಲೆ ದಪ್ಪಗೆ ಹೊಯ್ದು, ಬಿಸಿಯಿರುವಾಗಲೇ ಬೆಣ್ಣೆ ಸಕ್ಕರೆ ಹಚ್ಚಿ ಅರ್ಧಕ್ಕೆ ಮಡಿಚಿದರೆ ಸ್ವೇಲೆ ಆಯಿತು. ಅದರ ವಾಸನೆಗೆ ಸೇತುವೆ ಇರುವ ಕಡೆಯವರೂ ಸುತ್ತು ಹಾಕಿಕೊಂಡು ನಮ್ಮ ಫೆರಿಗೆ ಬರುತ್ತಾರೆ. ದಿನದ ಮೊದಲ ಸ್ವೇಲೆ ಯಾವತ್ತೂ ಆಸ್ಮುಂಡನದು. ಕಾವಲಿಯ ಕಾವು ಸರಿಯಿದೆಯೋ ಇಲ್ಲವೋ ಎಂದು ನಾನು ಅವನ ಮುಖ ನೋಡಿ ತಿಳಿಯುತ್ತಿದ್ದೆ.

ಆ ಸೆಪ್ಟೆಂಬರಿನ ಬೆಳಿಗ್ಗೆ ಅವನು ಮೆಟ್ಟಿಲು ಹತ್ತಿ ಬಂದ. ನಾನು ತಟ್ಟೆ ಮುಂದಿಟ್ಟೆ.

"ಬೇಡ ಬೋರ್ಗ್ನಿ."

"ಏನು ಬೇಡ?"

"ಸ್ವೇಲೆ ಬೇಡ."

"ಜ್ವರಾನಾ?"

"ಜ್ವರ ಇಲ್ಲ. ಲೋ ಕಾರ್ಬ್ ಪಥ್ಯ ಶುರು ಮಾಡಿದೀನಿ. ಹಿಟ್ಟು, ಸಕ್ಕರೆ, ಆಲೂಗೆಡ್ಡೆ, ಬ್ರೆಡ್ಡು, ಏನೂ ಮುಟ್ಟೋ ಹಾಗಿಲ್ಲ."

"ಮತ್ತೆ ಏನ್ ತಿಂತೀಯ?"

"ಬೆಣ್ಣೆ."

"ಬೆಣ್ಣೆ ಯಾತರ ಮೇಲೆ ಹಚ್ಕೊಂಡು?"

"ಚೀಸ್ ಮೇಲೆ."

"ಚೀಸ್ ಯಾತರ ಮೇಲಿಟ್ಕೊಂಡು?"

"ಹಂದಿಮಾಂಸದ ಮೇಲೆ."

"ಅದು?"

"ಅದು ತಟ್ಟೆ ಮೇಲೆ, ಮಾರಾಯ್ತಿ!"

ನನ್ನ ಮೈಯೆಲ್ಲ ಉರಿದುಹೋಯಿತು. ಯಾಕೆಂದರೆ ಆಸ್ಮುಂಡ ಹುಟ್ಟಿದಾಗಿನಿಂದ ಯಾರಿಗೂ ಯಾವುದಕ್ಕೂ "ಬೇಡ" ಅಂದವನಲ್ಲ. ಬ್ಯಾಂಡಿನವರು ಬಂದು "ಟ್ಯೂಬಾ ಊದೋಕೆ ಜನ ಇಲ್ಲ" ಅಂದರು, ಊದಲು ಬರದಿದ್ದರೂ ಹೋಗಿ ಕೂತ. ಶಾಲೆಯವರು, ಚರ್ಚಿನವರು, ಫುಟ್‌ಬಾಲಿನವರು, ಯಾರು ಲಾಟರಿ ಚೀಟಿ ಹಿಡಿದು ಬಂದರೂ ಕೊಂಡ. ಗೆದ್ದ ಕಾಫಿಪುಡಿ ಡಬ್ಬಿ, ಕೈಯಿಂದ ಹೆಣೆದ ಕಾಲುಚೀಲ, ಹಣ್ಣಿನ ಬುಟ್ಟಿಗಳಿಂದ ಅವನ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಮದುವೆಯೊಂದು ಆಗಲಿಲ್ಲ, ಅದಕ್ಕೆ ಅವನೇ ಹೋಗಿ ಕೇಳಬೇಕಿತ್ತಲ್ಲ, ಕೇಳುವುದು ಅವನಿಗೆ ಬರುವುದಿಲ್ಲ. ಹದಿನೇಳು ತುಂಬಿದಾಗ ಫೆರಿ ಹತ್ತಿದವನು ಇಳಿದೇ ಇಲ್ಲ. ಕಣ್ಣು ಮುಚ್ಚಿ ನಿಂತರೂ ಎಂಜಿನ್ನಿನ ಸದ್ದಿನಿಂದಲೇ ಯಾರ ಕಾರು ಎಂದು ಹೇಳುತ್ತಾನೆ. ಇಂಥವನ ಬಾಯಿಂದ ಬಂದ ಮೊದಲ "ಬೇಡ" ನನ್ನ ಪಾಲಿಗೇ ಬರಬೇಕೆ?

ಕಾರಣವನ್ನು ಅವನು ಬಿಡಿಸಿ ಹೇಳಿದ್ದು ಎರಡು ಟ್ರಿಪ್ ಕಳೆದ ಮೇಲೆ. ಹಡಗಿನಲ್ಲಿ ದುಡಿಯುವವರು ಆಗಾಗ ಡಾಕ್ಟರ ಸಹಿ ತರಬೇಕು. ಹಳೆಯ ಡಾಕ್ಟರು ನಾಡಿ ಹಿಡಿದು, ಈ ಸಲ ಮೀನು ಹೇಗಿದೆ ಎಂದು ಕೇಳಿ ಸಹಿ ಹಾಕುತ್ತಿದ್ದರು. ಅವರು ನಿವೃತ್ತರಾಗಿ, ಓಸ್ಲೋದಿಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದಳು. ಅವಳ ತೂಕದ ಯಂತ್ರದ ಮೇಲೆ ಇವನು ನಿಂತರೆ ಅದು ಲೆಕ್ಕವನ್ನೇ ಬಿಟ್ಟು ಸುಮ್ಮನಾಯಿತಂತೆ.

"ಫೆರಿಗೆ ಬೆಂಕಿ ಬಿದ್ರೆ ನೀವು ಜನರನ್ನ ಇಳಿಸ್ಬೇಕು" ಎಂದಳಂತೆ ಡಾಕ್ಟರಮ್ಮ. "ಈಗಿರೋ ಹಾಗೆ ನಿಮ್ಮನ್ನ ಇಳಿಸೋಕೇ ಜನ ಬೇಕು. ಜನವರಿವರೆಗೆ ಅಂತ ಸಹಿ ಹಾಕ್ತೀನಿ. ಅಷ್ಟರಲ್ಲಿ ನೂರಿಪ್ಪತ್ತು ಕಿಲೋ ಒಳಗೆ ಬನ್ನಿ. ಇಲ್ಲಾಂದ್ರೆ ದಡದ ಮೇಲೆ ಕೆಲಸ ನೋಡ್ಕೊಳ್ಳಿ."

ದಡದ ಕೆಲಸ ಯಾವುದೆಂದು ನಮಗೆಲ್ಲ ಗೊತ್ತು. ಪೇಟೆಯ ಕಚೇರಿಯ ನೆಲಮಾಳಿಗೆಯಲ್ಲಿ, ಪ್ರಯಾಣಿಕರು ಮರೆತು ಹೋದ ಛತ್ರಿ, ಒಂಟಿ ಕೈಗವಸುಗಳನ್ನು ಕಾಯುವುದು. ಅಲ್ಲಿಗೆ ಕಿಟಕಿ ಕೂಡ ಇಲ್ಲ.

ಆಸ್ಮುಂಡನಿಲ್ಲದ ಫೆರಿಯನ್ನು ನಾನು ಯೋಚಿಸಿರಲೇ ಇಲ್ಲ. ಹಾಗೆಂದು ಬಾಯಿ ಬಿಟ್ಟು ಹೇಳುವವಳೇ ನಾನು? "ಹಾಗಾದ್ರೆ ತಿನ್ನು ನಿನ್ನ ಬೆಣ್ಣೆ, ನನಗೇನು" ಎಂದು ತಟ್ಟೆಯನ್ನು ಎಳೆದುಕೊಂಡೆ.

ಡಾಕ್ಟರಮ್ಮನ ಯಂತ್ರ ಕೈಕೊಟ್ಟಿದ್ದರಿಂದ, ಪ್ರತಿ ಶನಿವಾರ ಅವನನ್ನು ದಕ್ಕೆಯ ಮೇಲಿನ ಮೀನು ಖರೀದಿಯ ಶೆಡ್ಡಿನಲ್ಲಿ, ಮೀನಿನ ಪೆಟ್ಟಿಗೆ ತೂಗುವ ದೊಡ್ಡ ತಕ್ಕಡಿಯ ಮೇಲೆ ನಿಲ್ಲಿಸುವುದೆಂದಾಯಿತು. ಅಲ್ಲಿ ತೂಗುವವನು ಪೆಡರ್. ಅವನ ಬಾಯಿಗೆ ಬೀಗವಿಲ್ಲ.

"ಹೊಟ್ಟೆ ಬಗೆದ ತೂಕ ಹೇಳ್ಲಾ, ಬಗೆಯದ್ದು ಹೇಳ್ಲಾ?" ಎಂದು ಮೊದಲ ದಿನವೇ ಕೂಗಿದ.

"ಬಗೆಯದ್ದೇ ಹೇಳಪ್ಪ."

"ಬಗೆಯದ್ದು ನೂರಾ ಮೂವತ್ತಾರು! ಇಷ್ಟು ದೊಡ್ಡದು ಬಲೆಗೆ ಬಿದ್ರೆ ಪೇಪರ್‌ನಲ್ಲಿ ಫೋಟೋ ಹಾಕ್ತಾರೆ ಕಣೋ!"

ಫೆರಿ ಆಚೆ ದಡ ಮುಟ್ಟುವುದರೊಳಗೆ ಸುದ್ದಿ ಮುಟ್ಟಿತ್ತು. ಅಂದಿನಿಂದ ಶನಿವಾರ ಬಂತೆಂದರೆ ಕಾರಿನವರೆಲ್ಲ ಟಿಕೆಟ್ಟಿಗೆ ಕೈ ಚಾಚುತ್ತಾ "ಎಷ್ಟಾಯ್ತು ಆಸ್ಮುಂಡ?" ಎನ್ನುತ್ತಿದ್ದರು. ಅವರು ಕೇಳುತ್ತಿದ್ದುದು ಟಿಕೆಟ್ಟಿನ ದರವನ್ನಲ್ಲ.

ಪಥ್ಯದ ವೈಭವವನ್ನು ನೀವು ಊಟದ ಹೊತ್ತಿಗೆ ನೋಡಬೇಕಿತ್ತು. ನಮ್ಮವರೆಲ್ಲ ಮಧ್ಯಾಹ್ನಕ್ಕೆ ಬ್ರೆಡ್ ಚೂರುಗಳನ್ನು ಡಬ್ಬಿಯಲ್ಲಿ ತರುವವರು. ಒಂದಕ್ಕೊಂದು ಅಂಟದಿರಲೆಂದು ನಡುನಡುವೆ ತೆಳ್ಳನೆಯ ಕಾಗದ ಇಡುತ್ತಾರೆ. ಆಸ್ಮುಂಡ ಬ್ರೆಡ್ ಬಿಟ್ಟ, ಕಾಗದ ಬಿಡಲಿಲ್ಲ. ಒಂದು ಚೀಸ್, ಒಂದು ಕಾಗದ, ಒಂದು ಹಂದಿಮಾಂಸ, ಒಂದು ಕಾಗದ, ಕೊನೆಗೆ ಹೆಬ್ಬೆರಳು ದಪ್ಪದ ಬೆಣ್ಣೆ. ಒಂದು ದಿನ ಮಾತಿನ ಭರದಲ್ಲಿ ಕಾಗದವನ್ನೂ ತಿಂದುಬಿಟ್ಟ.

"ಲೋ, ಕಾಗದದಲ್ಲಿ ಕಾರ್ಬ್ ಇದೆಯೋ ಇಲ್ವೋ ನೋಡ್ಕೊಂಡ್ಯಾ?" ಎಂದ ನಮ್ಮ ಕ್ಯಾಪ್ಟನ್ ಐಲರ್ಟ್.

"ಇದ್ರೂ ಪರವಾಗಿಲ್ಲ" ಎಂದ ಆಸ್ಮುಂಡ. "ಎಷ್ಟೋ ದಿನ ಆದ್ಮೇಲೆ ಜಗಿಯೋಕೆ ಏನೋ ಸಿಕ್ತು."

ತೂಕ ಇಳಿಯಿತು, ಸುಳ್ಳು ಹೇಳುವುದೇಕೆ? ಅಕ್ಟೋಬರಿನಲ್ಲಿ ಪ್ಯಾಂಟಿಗೆ ಬೆಲ್ಟು ಬಂತು. ಆದರೆ ನವೆಂಬರ್ ಮುಗಿಯುತ್ತ ಬಂದರೂ ನೂರಿಪ್ಪತ್ತನಾಲ್ಕರಲ್ಲಿ ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿತು. ಆಸ್ಮುಂಡ ತಲೆ ಕೆರೆದುಕೊಂಡು ಯೋಚಿಸಿ, ತಾನು ತಿನ್ನುತ್ತಿರುವ ಬೆಣ್ಣೆ ಸಾಲದು ಎಂದು ತೀರ್ಮಾನಿಸಿದ. ಕಾಫಿಗೂ ಬೆಣ್ಣೆ ಹಾಕಲು ಶುರು ಮಾಡಿದ. ನಾನು ಆ ಲೋಟ ತೊಳೆಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದೆ.

ಆಗಲೇ ದೇಶದಲ್ಲಿ ಬೆಣ್ಣೆ ಮುಗಿದುಹೋಯಿತು.

ನಗಬೇಡಿ. ಆ ವರ್ಷದ ಬೇಸಿಗೆಯೆಲ್ಲ ಮಳೆ, ಹಸುಗಳಿಗೆ ಒಳ್ಳೆಯ ಮೇವಿಲ್ಲ, ಹಾಲು ಕಡಿಮೆ. ಅದರ ಮೇಲೆ ಇಡೀ ನಾರ್ವೆಗೇ ಆಸ್ಮುಂಡನ ಹುಚ್ಚು ಹಿಡಿದಿತ್ತು. ಡಿಸೆಂಬರ್ ಬಂದರೆ ಕ್ರಿಸ್ಮಸ್ಸಿಗೆಂದು ನಮ್ಮಲ್ಲಿ ಪ್ರತಿ ಮನೆಯಲ್ಲೂ ಏಳು ಬಗೆ ಬಿಸ್ಕತ್ತು ಆಗಬೇಕು; ಆರೇ ಬಗೆ ಆದ ಮನೆಯವಳು ಹೊಸ ವರ್ಷದವರೆಗೂ ತಲೆ ಎತ್ತಿ ನಡೆಯುವುದಿಲ್ಲ. ಏಳಕ್ಕೂ ಬೆಣ್ಣೆಯೇ ಬೇಕು. ಅಂಗಡಿಯ ಕಪಾಟು ಮಾತ್ರ ಬೋಳು ಬೋಳು. ಜನ ಗಡಿ ದಾಟಿ ಸ್ವೀಡನ್ನಿಗೆ ಹೋಗಿ, ಕಾರಿನ ಸೀಟಿನಡಿಯಲ್ಲಿ ಬೆಣ್ಣೆ ತುಂಬಿಕೊಂಡು ಬಂದರು.

ನನ್ನ ಗತಿ? ನಾನು ಸ್ವೇಲೆಗೆ ಮಾರ್ಗರೀನ್, ಆ ಎಣ್ಣೆಯ ನಕಲಿ ಬೆಣ್ಣೆ, ಹಚ್ಚಿದೆ. ಬರೆಯಲೂ ನಾಚಿಕೆಯಾಗುತ್ತದೆ. ಆಚೆ ದಡದ ಗುನ್‌ವೋರಜ್ಜಿ ನನ್ನ ತಾಯಿಯ ಕಾಲದಿಂದಲೂ ಸ್ವೇಲೆ ತಿಂದವಳು. ಒಂದು ತುತ್ತು ಬಾಯಿಗಿಟ್ಟು, ಬಹಳ ಹೊತ್ತು ಸಮುದ್ರ ನೋಡಿ, "ಬೇರೆ ಥರ ಇದೆ ಮಗಳೇ" ಎಂದಳು. ನಮ್ಮ ಕಡೆ ಅಡುಗೆಗೆ ಇದಕ್ಕಿಂತ ಕೆಟ್ಟ ಬೈಗುಳವಿಲ್ಲ. ಅಡುಗೆಮನೆಗೆ ಹೋಗಿ ಅತ್ತೆ.

ಹೀಗಿರುವಾಗ ಒಂದು ಬೆಳಿಗ್ಗೆ ಹೇಳದೆ ಕೇಳದೆ ಸುರಕ್ಷತಾ ತಪಾಸಣೆಯ ಅಧಿಕಾರಿ ಫೆರಿ ಹತ್ತಿದ. ಉದ್ದ ಕೋಟು, ಉದ್ದ ಮುಖ. ಗಂಟೆ ಬಾರಿಸಿ, ಅಣಕು ಅಪಾಯದ ಕವಾಯತು ಮಾಡಿಸಿದ. ನಾವೆಲ್ಲ ಕಾರುಗಳು ನಿಲ್ಲುವ ಡೆಕ್ಕಿಗೆ ಓಡಿದೆವು. ಕಾರಿನವರು ಕಾರಿನೊಳಗೇ ಕೂತು ನೋಡುತ್ತಿದ್ದರು.

"ಲೈಫ್ ಜಾಕೆಟ್ ಪೆಟ್ಟಿಗೆ ತೆಗೀರಿ" ಎಂದ ಅಧಿಕಾರಿ.

ಆಸ್ಮುಂಡ ಇಂಗು ತಿಂದ ಮಂಗನ ಹಾಗೆ ನಿಂತ.

"ಅದಾ? ಅದು ಸ್ವಲ್ಪ ಬಿಗಿ ಇದೆ..." ಎಂದ.

ಅಧಿಕಾರಿ ತಾನೇ ಬಗ್ಗಿ ಮುಚ್ಚಳ ಎತ್ತಿದ. ಮೇಲೆ ಲೈಫ್ ಜಾಕೆಟ್‌ಗಳು ಸರಿಯಾಗಿಯೇ ಇದ್ದವು. ಅವುಗಳ ಕೆಳಗೆ, ತಣ್ಣಗೆ, ಸಾಲು ಸಾಲಾಗಿ, ಬೆಣ್ಣೆ. ಪಕ್ಕದ ಪೆಟ್ಟಿಗೆ ತೆಗೆದರು, ಬೆಣ್ಣೆ. ಅದರ ಪಕ್ಕದ್ದು, ಬೆಣ್ಣೆ. ಕಾರು ನಿಲ್ಲಿಸುವಾಗ ಒಂದಿಂಚು ಜಾಗ ಬಿಡದವನು ಬೆಣ್ಣೆ ಜೋಡಿಸುವಾಗ ಬಿಡುತ್ತಾನೆಯೇ?

ಕಾರಿನ ಕಿಟಕಿಗಳು ಒಂದೊಂದಾಗಿ ಕೆಳಗಿಳಿದವು.

ಅಧಿಕಾರಿ ಗಂಟಲು ಸರಿಮಾಡಿಕೊಂಡ. "ಉಪ್ಪು ಹಾಕಿದ್ದಾ, ಹಾಕದ್ದಾ?" ಎಂದು ಕೇಳಿದ.

"ಎರಡೂ ಇದೆ" ಎಂದ ಆಸ್ಮುಂಡ, ಸಾಯುವ ದನಿಯಲ್ಲಿ.

"ಜೀವ ಉಳಿಸೋ ಸಾಮಾನಿನ ಪೆಟ್ಟಿಗೇಲಿ ಬೇರೆ ಏನೂ ಇರಬಾರದು."

"ಈ ತಿಂಗಳು ಇದೂ ಜೀವ ಉಳಿಸೋ ಸಾಮಾನೇ ಅಲ್ವಾ ಸ್ವಾಮೀ" ಎಂದ ಐಲರ್ಟ್. ಅಧಿಕಾರಿ ನಗಲಿಲ್ಲ. ತಾನು ಮೇಲೆ ಕೂತು ಒಂದು ಕಾಫಿ ಕುಡಿಯುವುದಾಗಿಯೂ, ಇಳಿದು ಬರುವುದರೊಳಗೆ ಪೆಟ್ಟಿಗೆಗಳಲ್ಲಿ ಜಾಕೆಟ್ ಮಾತ್ರ ಇದ್ದರೆ ತಾನೇನೂ ಕಂಡಿಲ್ಲವೆಂದೂ ಹೇಳಿ ಹೋದ. ಬೆಣ್ಣೆಯ ಕಡೆ ತಿರುಗಿ ತಿರುಗಿ ನೋಡುತ್ತಾ ಹೋದ, ಪಾಪ. ಅವನ ಮನೆಯಲ್ಲೂ ಏಳು ಬಗೆ ಆಗಬೇಕಲ್ಲ.

ನಾನು ಬಿಡುತ್ತೇನೆಯೇ?

"ಅಯ್ಯೋ ನಿನ್ನ! ನಾನು ಮಾರ್ಗರೀನ್ ಹಚ್ಚಿ ಹಚ್ಚಿ ಊರೆಲ್ಲ ಮಾನ ಕಳ್ಕೊಂಡೆ. ನೀನು ನನ್ನ ಕಾಲ ಕೆಳಗೇ ಇಷ್ಟು ಬೆಣ್ಣೆ ಬಚ್ಚಿಟ್ಕೊಂಡಿದ್ಯಾ?"

"ಕೇಳಿದ್ರೆ ಕೊಡ್ತಿದ್ದೆ ಬೋರ್ಗ್ನಿ."

"ಇದೆ ಅಂತ ಗೊತ್ತಿದ್ರೆ ತಾನೇ ಕೇಳೋದು, ಮಂಕೇ!"

ಅವನು ಟೋಪಿ ತೆಗೆದು ಕೈಯಲ್ಲಿ ಹಿಂಡಿದ. "ನನಗೆ ಹೆದರಿಕೆ ಕಣೆ" ಎಂದ. "ಅಂಗಡೀಲಿ ಬೆಣ್ಣೆ ಕಮ್ಮಿ ಆಗ್ತಿದ್ದಾಗಲೇ ತಂದು ತುಂಬಿಟ್ಟೆ. ಬೆಣ್ಣೆ ನಿಂತ್ರೆ ಪಥ್ಯ ನಿಲ್ಲುತ್ತೆ. ಪಥ್ಯ ನಿಂತ್ರೆ ಆ ನೆಲಮಾಳಿಗೆ. ಅಲ್ಲಿ ಛತ್ರಿ ಕಾಯ್ತಾ ಕೂತ್ಕೊಂಡ್ರೆ ನಾನು ಸತ್ತೇ ಹೋಗ್ತೀನಿ."

ಅಷ್ಟರಲ್ಲಿ ಮೊದಲ ಸಾಲಿನ ಕಾರಿನಿಂದ ಗುನ್‌ವೋರಜ್ಜಿಯ ತಲೆ ಹೊರಗೆ ಬಂತು.

"ಆಸ್ಮುಂಡ, ನನ್ನ ಹತ್ರ ಹಿಟ್ಟಿದೆ" ಎಂದಳು. ಅಷ್ಟೇ. ನಮ್ಮವರು ಕೇಳುವುದೆಂದರೆ ಹೀಗೆಯೇ.

ಆಸ್ಮುಂಡ ಅಜ್ಜಿಯನ್ನು ನೋಡಿದ, ಪೆಟ್ಟಿಗೆ ನೋಡಿದ. ಬೇಡ ಅನ್ನುವುದು ಬರದವನು ಇನ್ನೇನು ಮಾಡುತ್ತಾನೆ? ಒಂದು ಪೊಟ್ಟಣ ಉಪ್ಪಿಲ್ಲದ ಬೆಣ್ಣೆ ತೆಗೆದು, ಟಿಕೆಟ್ಟಿನ ಜೊತೆ ಅವಳ ಕೈಗಿಟ್ಟ. ಹಿಂದಿನ ಕಾರಿನವನು ಕಿಟಕಿಯಿಂದ ಸುಮ್ಮನೆ ಕೈ ಹೊರಗಿಟ್ಟ. ಅವನಿಗೂ ಒಂದು. ಆಮೇಲೆ ಸಾಲುಸಾಲಿಗೂ, ಲಾರಿಯವನಿಗೂ, ಶಾಲೆಯ ಬಸ್ಸಿನವನಿಗೂ. ದಡ ಬರುವಷ್ಟರಲ್ಲಿ ಮೂರೂ ಪೆಟ್ಟಿಗೆಗಳಲ್ಲಿ ಲೈಫ್ ಜಾಕೆಟ್ ಬಿಟ್ಟು ಏನೂ ಇರಲಿಲ್ಲ. ಕೊನೆಯ ಪೊಟ್ಟಣವನ್ನು ಅವನು ಮೆಟ್ಟಿಲು ಹತ್ತಿ ತಂದು ನನ್ನ ಕಾವಲಿಯ ಪಕ್ಕ ಇಟ್ಟು, ಇಳಿದು ಹೋದ. ನಾನು "ಹೂಂ" ಎಂದೆ. ಥ್ಯಾಂಕ್ಸ್ ಎನ್ನಬಹುದಿತ್ತು, ಬಾಯಿಗೆ ಬರಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಮ್ಮ ಜನ ಋಣ ಇಟ್ಟುಕೊಳ್ಳುವವರಲ್ಲ. ಮುಂದಿನ ವಾರದಿಂದ ಪ್ರತಿ ಕಾರಿನ ಕಿಟಕಿಯಿಂದಲೂ ತಗಡಿನ ಡಬ್ಬಿ ಹೊರಗೆ ಬರತೊಡಗಿತು. ಒಳಗೆ ಏಳು ಬಗೆ! ಆಸ್ಮುಂಡನ ಬೆಣ್ಣೆಯೆಲ್ಲ ಹಿಟ್ಟು ಸಕ್ಕರೆ ಸೇರಿಸಿಕೊಂಡು ಬಿಸ್ಕತ್ತಾಗಿ, ಅವನನ್ನು ಹುಡುಕಿಕೊಂಡು ವಾಪಸು ಬಂದಿತ್ತು.

"ಒಂದು ರುಚಿ ನೋಡಪ್ಪ" ಎಂದು ಹೇಳಿ, ಕೊರೆಯುವ ಚಳಿಯಲ್ಲಿ ಕಿಟಕಿ ತೆರೆದಿಟ್ಟು, ಅವನ ಬಾಯಿಯನ್ನೇ ನೋಡುತ್ತ ಕೂರುತ್ತಿದ್ದರು.

ಏಳನ್ನೂ ತಿನ್ನದಿದ್ದರೆ ಮನೆಯಾಕೆಗೆ ಅವಮಾನ. ತಿಂದರೆ ನೆಲಮಾಳಿಗೆ. ಆಸ್ಮುಂಡ ಹೊಟ್ಟೆಯ ಮೇಲೆ ಕೈಯಿಟ್ಟು, "ಡಾಕ್ಟರಮ್ಮ ಒಂದೇ ಅಂದಿದಾರೆ" ಎಂದು ಹಸಿ ಸುಳ್ಳು ಹೇಳಿ, ಪ್ರತಿ ಡಬ್ಬಿಯಿಂದ ಒಂದೇ ಒಂದು ಎತ್ತಿಕೊಳ್ಳುತ್ತಿದ್ದ. ಉಳಿದದ್ದು ಮೇಲಕ್ಕೆ ನಮ್ಮ ಪಾಲಿಗೆ ಬರುತ್ತಿತ್ತು. ಐಲರ್ಟ್ ತಿಂದ, ಎಂಜಿನ್ನಿನವರು ತಿಂದರು. ಎಲ್ಲರಿಗಿಂತ ಹೆಚ್ಚು ತಿಂದವಳು ನಾನು, ಹೊಟ್ಟೆಕಿಚ್ಚಿಗೆ. ಕ್ಯಾಂಟೀನಿನ ಕಿಟಕಿಯಿಂದ ಕೆಳಗೆ ನೋಡಿದರೆ ಅವನು ಊರವರ ಬಿಸ್ಕತ್ತನ್ನೆಲ್ಲ ಚಪ್ಪರಿಸುವುದು ಕಾಣುತ್ತಿತ್ತು. ಆಚೆ ದಡದ ಆ ಟೋರ್‌ಬ್ಯೋರ್ಗ್ ಎಂಬಾಕೆ ಮಾಡಿದ್ದನ್ನೂ ತಿಂದ! ಅವಳ ಬಿಸ್ಕತ್ತಿನಿಂದ ಮೊಳೆ ಹೊಡೆಯಬಹುದು. ನನ್ನ ಸ್ವೇಲೆ ಮಾತ್ರ ಬೇಡ. ನಾನು ಪ್ರತಿ ಬೆಳಿಗ್ಗೆ ಮೊದಲನೆಯದನ್ನು ತಟ್ಟೆಗೆ ಹಾಕಿ ಅವನ ಮುಂದೆ ಸರಿಸುತ್ತಿದ್ದೆ, ಅವನು ಪ್ರತಿ ಬೆಳಿಗ್ಗೆ ವಾಪಸು ಸರಿಸುತ್ತಿದ್ದ.

ಬೆಣ್ಣೆ ಎಲ್ಲೂ ಸಿಗದೆ ಅವನು ಬೇಯಿಸಿದ ಮೀನು, ಎಲೆಕೋಸು, ಮೊಟ್ಟೆಗೆ ಇಳಿದ. ಕಪ್ಪು ಕಾಫಿ ಕುಡಿದು ಮುಖ ಹಿಂಡಿದ. ಶನಿವಾರದ ತೂಕಕ್ಕೂ ಹೋಗಲಿಲ್ಲ. "ಬೆಣ್ಣೆ ಇಲ್ದೆ ಪಥ್ಯ ಕೆಟ್ಟುಹೋಯ್ತು, ನೋಡಿ ಏನ್ ಮಾಡ್ಲಿ" ಎಂದು ಸಪ್ಪೆ ಮುಖ ಮಾಡಿಕೊಂಡು ಡೆಕ್ಕಿನ ಹಿಮ ಗೋರುತ್ತಿದ್ದ. ಕಾರುಗಳ ಸದ್ದು ಕೇಳುತ್ತಾ ಸುಮ್ಮನೆ ನಿಂತುಬಿಡುವುದನ್ನು ನಾನು ಎರಡು ಸಲ ನೋಡಿದೆ. ಆ ದಿನಗಳಲ್ಲಿ ನನಗೆ ಅವನನ್ನು ಬೈಯಲೂ ಮನಸ್ಸಾಗುತ್ತಿರಲಿಲ್ಲ.

ಜನವರಿಯ ಆ ದಿನ ಡಾಕ್ಟರಮ್ಮನೇ ಮೀನು ಶೆಡ್ಡಿಗೆ ಬಂದಳು. ಐಲರ್ಟ್ ಎಂಜಿನ್ನಿನಲ್ಲಿ ಏನೋ ಸದ್ದು ಎಂದು ಹೇಳಿ ಫೆರಿಯನ್ನು ದಕ್ಕೆಗೆ ಕಟ್ಟಿಸಿದ. ಎಂಜಿನ್ನು ನೆಟ್ಟಗೇ ಇತ್ತು. ನಾನು ಕಾವಲಿ ಆರಿಸಿ ಓಡಿದೆ. ಕಾರಿನವರೂ ಇಳಿದು ಬಂದಿದ್ದರು. ಆಸ್ಮುಂಡ ಕೋಟು ಬಿಚ್ಚಿದ, ಬೂಟು ಬಿಚ್ಚಿದ, ಸ್ವೆಟರ್ ಬಿಚ್ಚಿದ. ಪ್ಯಾಂಟಿನ ಬೆಲ್ಟಿಗೆ ಕೈ ಹಾಕಿದಾಗ ಡಾಕ್ಟರಮ್ಮ "ಸಾಕು, ಸಾಕು" ಎಂದಳು.

ಮೀನಿನ ಲೋಳೆಯ ತಕ್ಕಡಿಯ ಮೇಲೆ ಅವನು ಕಣ್ಣು ಮುಚ್ಚಿ ನಿಂತ. ಪೆಡರ್ ಬಗ್ಗಿ ನೋಡಿದ, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ.

"ಹೇಳೋ, ಪ್ರಾಣ ತೆಗೀಬೇಡ!" ಎಂದು ನಾನು ಕಿರುಚಿದೆ.

"ನೂರಾ ಹದಿನೇಳು!"

ಡಾಕ್ಟರಮ್ಮ ಅಲ್ಲೇ ಮೀನಿನ ಪೆಟ್ಟಿಗೆಯ ಮೇಲೆ ಕಾಗದವಿಟ್ಟು ಸಹಿ ಹಾಕಿದಳು.

"ಏನು ತಿನ್ನೋದು ಬಿಟ್ರಿ?" ಎಂದು ಕೇಳಿದಳು.

"ಬೆಣ್ಣೆ" ಎಂದ ಆಸ್ಮುಂಡ. "ಬಿಡಲಿಲ್ಲ, ಸಿಗಲಿಲ್ಲ."

"ಅಂದ್ರೆ, ಇಷ್ಟು ದಿನ ನೀವು..." ಎಂದು ಡಾಕ್ಟರಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಪೆನ್ನು ಜೇಬಿಗಿಟ್ಟಳು. ಗುನ್‌ವೋರಜ್ಜಿ ಅವನ ಬೆನ್ನು ತಟ್ಟಿದಳು. ನಮ್ಮಲ್ಲಿ ಅದೇ ದೊಡ್ಡ ಜಾತ್ರೆ.

ಫೆರಿ ಹೊರಟಿತು. ನಾನು ಕಾವಲಿ ಹೊತ್ತಿಸಿ, ಎತ್ತಿಟ್ಟಿದ್ದ ಅವನದೇ ಬೆಣ್ಣೆಯ ಕೊನೆಯ ಚೂರು ಹಚ್ಚಿ, ಅಂಥ ಸ್ವೇಲೆ ಮಾಡಿದೆ, ಏನು ಹೇಳಲಿ. ಅವನು ಬಂದ. ಹಲ್ಲು ಕಿರಿಯುತ್ತಲೇ ಬಂದ. ತಟ್ಟೆ ಮುಂದಿಟ್ಟೆ.

"ಬೇಡ ಬೋರ್ಗ್ನಿ" ಎಂದ.

ಇಷ್ಟು ದಿನ ಹಿಡಿದಿಟ್ಟಿದ್ದೆಲ್ಲ ಹೊರಗೆ ಬಂತು. "ಊರಲ್ಲಿರೋ ಎಲ್ಲರ ಮನೇದೂ ತಿಂದೆ! ಆ ಟೋರ್‌ಬ್ಯೋರ್ಗ್‌ದೂ ತಿಂದೆ! ನಂದು ಅಂದ್ರೆ ಮಾತ್ರ ನಿನಗೆ ವಿಷಾನಾ? ಹೇಳು, ಇವತ್ತು ಹೇಳಿಬಿಡು!"

ಆಸ್ಮುಂಡನ ಮುಖ ಕೆಂಪಾಯಿತು. ಅವನು ನನ್ನನ್ನು ನೋಡದೆ ಕಾವಲಿಯನ್ನು ನೋಡುತ್ತಾ ಮಾತಾಡಿದ.

"ಅವರದ್ದೆಲ್ಲ ಒಂದು ತಿಂದೆ, ನಿಲ್ಲಿಸೋಕಾಯ್ತು. ನಿಂದು ಒಂದು ತಿಂದ್ರೆ ನನಗೆ ನಿಲ್ಲಿಸೋಕಾಗಲ್ಲ ಕಣೆ. ಇಷ್ಟು ವರ್ಷ ಆಗಿಲ್ಲ, ನೂರಾ ಮೂವತ್ತಾರು ಬಂದಿದ್ದು ಹಾಗೇನೇ. ನಾನು ಫೆರಿ ಮೇಲೆ ಇರಬೇಕು ಅಂತಿದ್ದಿದ್ದು ಕಾರು ನಿಲ್ಲಿಸೋಕೆ ಅಂದ್ಕೊಂಡ್ಯಾ?"

ಕೆಳಗೆ ದಡ ಬಂತು, ಅವನು ಸರಪಳಿ ಬಿಚ್ಚಲು ಓಡಿದ. ಮೆಟ್ಟಿಲುಗಳು ಮೊದಲಿನ ಹಾಗೆ ನರಳಲಿಲ್ಲ. ಸ್ವೇಲೆ ಆರುತ್ತಿತ್ತು. ನಾನು ನಿಂತಲ್ಲೇ ನಿಂತು ಅದನ್ನು ಪೂರ್ತಿ ತಿಂದೆ, ಕಣ್ಣಲ್ಲಿ ನೀರು ಬರುತ್ತಿತ್ತು. ಗಿರಾಕಿಯೊಬ್ಬ ಬಂದು "ಇವತ್ತು ಗಾಳಿ ಜೋರು" ಎಂದ. ನಾನು ಅವನಿಗೆ ಉತ್ತರ ಕೊಡಲಿಲ್ಲ. ಒಂದು ಮೊಟ್ಟೆ ಒಡೆದು ಕಾವಲಿಗೆ ಹಾಕಿ, ಬರೀ ಮೊಟ್ಟೆ, ಹಿಟ್ಟಿಲ್ಲ, ಸಕ್ಕರೆಯಿಲ್ಲ, ಆಸ್ಮುಂಡ ಮೇಲೆ ಬರುವುದನ್ನು ಕಾಯುತ್ತಿದ್ದೆ.